ಅಳಿಯನಿಗೆ ಕಲ್ಲಿನ ಅಟ್ಟ

ನಮ್ಮ ಅತ್ತೆಗೆ ಹೆಣ್ಣುಮಕ್ಕಳಿಲ್ಲ, ಹಾಗಾಗಿ ಉಪಚಾರ ಮಾಡಲು ಒಬ್ಬ ಅಳಿಯನೂ ಇರಲಿಲ್ಲ. ಆ ಕೊರತೆಯನ್ನು ತುಂಬಿದ್ದು ನನ್ನ ಅಕ್ವೇರಿಯಂನ ಒಂದು ಹಳದಿ ಮೀನು.

ನಾನು ಸಿಂದಗಿಯಲ್ಲಿ ಹೈಸ್ಕೂಲಿನ ವಿಜ್ಞಾನದ ಟೀಚರ್. ಮನೆಯ ಪಡಸಾಲೆಯಲ್ಲಿ, ಒಂದು ಗಿಡ್ಡ ಕಟ್ಟೆಯ ಮೇಲೆ, ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟುಕೊಂಡಿದ್ದೇನೆ. ಸಿಂದಗಿಯಲ್ಲಿ ಸಮುದ್ರ ಸಾಕುತ್ತೇನೆ ಎಂದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಗಂಡನ ಮುಖ ನೋಡಿ ಅಯ್ಯೋ ಪಾಪ ಅನ್ನುತ್ತಾರೆ. ಅನ್ನಲಿ. ಈ ಬಿಸಿಲಿನಲ್ಲಿ ಶಾಲೆಯಿಂದ ಬಂದು ಆ ನೀಲಿ ಬೆಳಕಿನ ಮುಂದೆ ಕೂತು ನೋಡಿದವರಿಗೇ ಗೊತ್ತು.

ಅತ್ತೆ ಮೊದಲು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬಚ್ಚಲಲ್ಲಿ ಜಾರಿ ಮೊಣಕಾಲಿನ ಚಿಪ್ಪು ಬಿರುಕು ಬಿಟ್ಟ ಮೇಲೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ದಿನವಿಡೀ ಪಡಸಾಲೆಯ ಕುರ್ಚಿಯಲ್ಲಿ ಕೂರಬೇಕಾಯಿತು. ಎದುರಿಗೆ ತೊಟ್ಟಿ. ತೊಟ್ಟಿಯಲ್ಲಿ ಬೆರಳುದ್ದದ ಹಳದಿ ಮೀನು. ಅದರ ಜಾತಿಯೇ ಹಾಗೆ, ಕಲ್ಲಿನ ಬುಡದಲ್ಲಿ ಮರಳು ತೋಡಿ ಬಿಲ ಮಾಡಿಕೊಂಡು, ಬಿಲದ ಬಾಯಲ್ಲಿ ಗದ್ದ ಊರಿ, ದಪ್ಪ ತುಟಿ ಇಳಿಬಿಟ್ಟು ಹೊರಗೆ ನೋಡುತ್ತಿರುತ್ತದೆ. ಅತ್ತೆ ಎರಡು ದಿನ ಅದನ್ನೇ ನೋಡಿ ತೀರ್ಪು ಕೊಟ್ಟರು.

"ದುಡಿಯಂಗಿಲ್ಲ, ದುಃಖ ಪಡಂಗಿಲ್ಲ. ಬಾಗಲದಾಗ ಕುಂತು ಬಂದೋರನ್ನೆಲ್ಲಾ ನೋಡ್ತಾನ. ಹೊತ್ತಿಗೆ ಸರಿಯಾಗಿ ಊಟ ಬೇಕು. ಇಂವ ಅಳಿಯನ ಬಿಡವ್ವಾ."

ಅಂದಿನಿಂದ ಅಳಿಯನ ಊಟ ಅತ್ತೆಯ ಕೈಯಲ್ಲೇ. ಮೀನಿನ ಗುಳಿಗೆಯಲ್ಲಿ ಏನು ಹಾಕಿರುತ್ತಾರೆ ಎಂದು ಕಟ್ಟಾ ಶಾಕಾಹಾರಿಯಾದ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೂ ಅವರು ಕುರ್ಚಿ ಬಿಡಲಿಲ್ಲ. ದಿನಾ ಕಾಲು ಬಗ್ಗಿಸಿ, ಇಲ್ಲದಿದ್ದರೆ ಸೆಟೆದೇ ಹೋಗುತ್ತದೆ ಎಂದು ಡಾಕ್ಟರು ಹೇಳಿ ಹೇಳಿ ಸುಸ್ತಾದರು. ನಾನು ಬೈದೆ, ರಮಿಸಿದೆ. "ಬಗ್ಗಿಸಿದ್ರ ಜೀವಾ ಹೋಗ್ತೈತಿ" ಎನ್ನುತ್ತ ಅತ್ತೆ ಕಾಲನ್ನು ಒನಕೆಯ ಹಾಗೆ ನೆಟ್ಟಗೆ ಸ್ಟೂಲಿನ ಮೇಲೆ ಚಾಚಿಕೊಂಡೇ ಇದ್ದರು.

ಒಂದು ಗುರುವಾರ ನಾನು ಶಾಲೆಯಿಂದ ಬರುವಷ್ಟರಲ್ಲಿ ತೊಟ್ಟಿಯ ಕಲ್ಲಿನ ಗುಡ್ಡ ಕುಸಿದು ಬಿದ್ದಿತ್ತು. ಅಳಿಯ ತನ್ನ ಮನೆಯ ಬುನಾದಿಯನ್ನು ತಾನೇ ತೋಡಿದ್ದ! ಪುಣ್ಯಕ್ಕೆ ಗಾಜು ಒಡೆದಿರಲಿಲ್ಲ, ಅಳಿಯನಿಗೂ ಪೆಟ್ಟಾಗಿರಲಿಲ್ಲ. ಕಲ್ಲು ಎತ್ತಿದರೆ ಕೆಳಗಿನ ಮರಳು ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬಂತು. ಕಲ್ಲನ್ನು ಮರಳಿನ ಮೇಲೆ ರಾಶಿ ಹಾಕಬಾರದು, ಕಾಲು ಕೊಟ್ಟು ಎತ್ತರಿಸಬೇಕು. ಕಾಲು ಮರಳಿನ ಮೇಲಲ್ಲ, ತಳದ ಗಾಜಿನ ಮೇಲೇ ನಿಲ್ಲಬೇಕು. ಆಗ ಅಡಿಯಲ್ಲಿ ನೀರು ಆಡುತ್ತದೆ, ಯಾರು ಎಷ್ಟೇ ತೋಡಿದರೂ ಮನೆ ಬೀಳುವುದಿಲ್ಲ. ಅದಕ್ಕೆ ಅಗಲವಾದ ಚಪ್ಪಟೆ ಕಲ್ಲು ಬೇಕಿತ್ತು.

ಅಲ್ಲಿಯವರೆಗೆ ಅಳಿಯ ಟಬ್ಬಿನಲ್ಲಿ. ಅಡಗಲೆಂದು ಒಂದು ಮಗ್ ಮಲಗಿಸಿದೆ, ಒಳಗೆ ಹೋಗಲಿಲ್ಲ. ಗುಳಿಗೆ ಹಾಕಿದೆವು, ಮೂಸಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

"ಸಿಟ್ಟಾಗ್ಯಾನ. ಮನಿ ಬಿದ್ದೈತಿ, ಆಗದೇನ್ ಮಾಡ್ತಾನ?" ಎಂದರು ಅತ್ತೆ. ಮಾರನೆಯ ದಿನ ತಮ್ಮ ರೊಟ್ಟಿಯ ತಾಟನ್ನೂ ಸರಿಸಿದರು. "ಅಳಿಯಾ ಉಪಾಸ ಕುಂತಾಗ ಅತ್ತಿ ಹೆಂಗ ಉಣ್ಣೂದು?" ಬರೀ ಚಹಾ ಕುಡಿದುಕೊಂಡಿದ್ದರು. ನನಗೆ ನಗು ಬಂತು. ಆದರೆ ಶನಿವಾರದ ಹೊತ್ತಿಗೆ ಮೀನಿನ ಹಳದಿ ತೊಳೆದು ತೊಳೆದು ಮಾಸಿದ ಸೀರೆಯಂತಾಗಿತ್ತು. ಅದು ಬದುಕುವುದಿಲ್ಲವೇನೋ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು. ಅತ್ತೆಗೂ ಗೊತ್ತಾಗಿತ್ತು.

ಆಲಮಟ್ಟಿಯಲ್ಲಿ ಕಾಲುವೆ ಕೆಲಸದಲ್ಲಿರುವ ನಮ್ಮವರು ವಾರಕ್ಕೊಮ್ಮೆ ಬರುತ್ತಾರೆ. ಬಂದವರೇ, "ಕಲ್ಲು ಎಲ್ಲಿ ಬೇಕಲ್ಲಿ ಬಿದ್ದಾವ, ಒಂದ್ ತಂದಿಡು" ಎಂದರು. ನನಗೆ ಮೈ ಉರಿಯಿತು. ಎಲ್ಲ ಕಲ್ಲೂ ಉಪ್ಪುನೀರಿಗೆ ಒಗ್ಗುವುದಿಲ್ಲ. ಸುಣ್ಣದ ಕಲ್ಲೇ ಬೇಕು, ಹುಳಿ ಬಿದ್ದರೆ ಅದು ನೊರೆ ಬಿಡುತ್ತದೆ ಎಂದು ಒಂದು ಪೂರ್ತಿ ಪಾಠ ಮಾಡಿದೆ. "ಹುಳಿನೇನು? ನಮ್ಮ ಮನ್ಯಾಗ ಹುಳಿಗೇನು ಬರ" ಎಂದರು ಅತ್ತೆ. ಅವರ ತವರು ನಿಂಬೆಗೆ ಹೆಸರಾದ ಇಂಡಿ. ನಿಂಬೆಹಣ್ಣಿನ ಚೀಲ ನಮ್ಮ ಅಡುಗೆಮನೆಯಲ್ಲಿ ಎಂದೂ ಖಾಲಿಯಾದದ್ದಿಲ್ಲ.

ಭಾನುವಾರ ನಾನು ಕಾರು ತೆಗೆದೆ. ಅತ್ತೆ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕಾಲು ಚಾಚಿ, ಮಡಿಲಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಮದುವೆಗೆ ಹೊರಟವರಂತೆ ಕೂತರು. ಬಸವನ ಬಾಗೇವಾಡಿ ಕಡೆಗೆ ಹೋದೆವು. ಹೂವಿನ ಹಿಪ್ಪರಗಿ ಹತ್ತಿರ ಚೆಂದದ ಕರಿಕಲ್ಲುಗಳು ಕಂಡವು. ಮೂರು ದಾರಿ ಕೂಡುವಲ್ಲಿ ಕಾರು ನಿಲ್ಲಿಸಿ, ಕಲ್ಲುಗಳನ್ನು ಸಾಲಾಗಿ ಇಟ್ಟು, ಒಂದೊಂದರ ಮೇಲೆ ಅರ್ಧರ್ಧ ನಿಂಬೆಹಣ್ಣು ಹಿಂಡತೊಡಗಿದೆ. ಅತ್ತೆ ಕೋಲೂರಿ ನಿಂತು ನೋಡುತ್ತಿದ್ದರು. ಅಂದು ಅಮಾವಾಸ್ಯೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ.

ಒಂದು ಬೈಕು ಬಂದು ದೂರದಲ್ಲೇ ನಿಂತಿತು. "ಏನ್ ಮಾಡಾಕತ್ತೀರಿ ಆಯಿ?" ಎಂದು ಸವಾರ ಕೂಗಿದ.

"ನಮ್ಮ ಅಳಿಯಾ ಮೂರ್ ದಿನ ಆತಪಾ ಊಟ ಬಿಟ್ಟಾನ," ಎಂದರು ಅತ್ತೆ ಗಂಭೀರವಾಗಿ. "ಅವನ ಸಲುವಾಗಿ ಬಂದೇವಿ."

"ಎಲ್ಲಿಯಾಂವ್ರಿ ಅಳಿಯಾ?"

"ಸಮುದ್ರದ ಕಡಿಯಾಂವ. ಈಗ ನಮ್ಮ ಮನ್ಯಾಗ ಇಟ್ಕೊಂಡೇವಿ. ಈ ಕಲ್ಲು ಬುರುಗು ಕಾರ್ತಂದ್ರ ಉಳಿತಾನ."

ಆತ ನಿಂಬೆಹಣ್ಣು ನೋಡಿದ, ಕಲ್ಲು ನೋಡಿದ, ನನ್ನ ಒದ್ದೆ ಕೈ ನೋಡಿದ. "ನಾ ಏನೂ ನೋಡಿಲ್ರಿ ಆಯಿ!" ಎಂದವನೇ ಬೈಕು ತಿರುಗಿಸಿ ಬಂದ ದಾರಿಯಲ್ಲೇ ಹೋದ. ಏನಾಯಿತೆಂದು ನನಗೆ ಹೊಳೆದಾಗ ನಕ್ಕು ನಕ್ಕು ರಸ್ತೆಯ ಮೇಲೇ ಕೂತೆ. ಕರಿಕಲ್ಲು ಮಾತ್ರ ಒಂದು ಗುಳ್ಳೆಯನ್ನೂ ಬಿಡಲಿಲ್ಲ.

ಅಲ್ಲಿಂದ ಮುದ್ದೇಬಿಹಾಳ ದಾಟಿ ತಾಳಿಕೋಟೆ ಕಡೆಗೆ. ನೆಲಕ್ಕೆ ಹಾಸುವ ಫರಸಿ ಕಲ್ಲು ಕೊಯ್ಯುವ ಒಂದು ಜಾಗದಲ್ಲಿ ಒಡೆದ ತುಂಡುಗಳ ಗುಡ್ಡವೇ ಇತ್ತು. ಒಂದನ್ನು ಕೆರೆದು ನಿಂಬೆರಸ ಬಿಟ್ಟೆ. ಚುಂಯ್ ಎಂದು ಸಣ್ಣ ಸಣ್ಣ ಗುಳ್ಳೆ ಎದ್ದವು.

"ಸೋಡಾ! ಯವ್ವಾ, ಸೋಡಾ ಆತು!" ಎಂದು ಅತ್ತೆ ಕೋಲು ಎತ್ತಿ ಕುಣಿಯುವುದೊಂದು ಬಾಕಿ. ಕಲ್ಲು ಮಾರುವವನು ಇದೇನೋ ಭೂಮಿಪೂಜೆ ಇರಬೇಕೆಂದು ಚಪ್ಪಲಿ ಕಳಚಿ ಬಂದ.

"ಮನಿ ಕಟ್ಟಾಕತ್ತೀರೇನ್ರಿ?"

"ಹೌದ್ರಿ, ಅಳಿಯಗ."

"ಎಷ್ಟ್ ದೊಡ್ಡದ್ರಿ?"

ಅತ್ತೆ ಎರಡೂ ಕೈ ಮೊರದಗಲ ಚಾಚಿ ತೋರಿಸಿದರು. ಆತ ಮತ್ತೇನೂ ಕೇಳದೆ ಕಲ್ಲನ್ನು ಕಾರಿನಲ್ಲಿಟ್ಟ.

ಸಂಜೆ ಅಂಗಳದಲ್ಲಿ ಕಟ್ಟೋಣ ನಡೆಯಿತು. ಡ್ಯಾಮಿನ ನೀರು ಹರಿಸುವ ನಮ್ಮವರು ನಾಲ್ಕು ಕಾಲು ಕೊಟ್ಟು ನಿಲ್ಲಿಸಿದ್ದು ಗಡಗಡ ಅಲ್ಲಾಡಿತು. ಒಂದು ಕಾಲು ಕಿತ್ತು ಮೂರೇ ಉಳಿಸಿದ ಮೇಲೆ ಗಟ್ಟಿಯಾಗಿ ಕೂತಿತು. ಪೈಪಿನ ತುಂಡಿನ ಕಾಲು, ಅದರ ಮೇಲೆ ಫರಸಿ ಹಾಸು, ಹಾಸಿನ ಮೇಲೆ ಹಳೆಯ ಕಲ್ಲುಗಳ ಕಮಾನು. ಎಲ್ಲಕ್ಕೂ ಅಂಟು ಹಚ್ಚಿ ಒಣಗಲು ಬಿಟ್ಟೆವು. ಸೋಮವಾರ ನಾನು ಶಾಲೆಗೆ ಹೋಗಲಿಲ್ಲ. ನಮ್ಮವರೂ ತಂಗಿಯ ಗಂಡನಿಗೆ ಹುಷಾರಿಲ್ಲವೆಂದು ರಜೆ ಹಾಕಿದರು. ಅವರಿಗೆ ತಂಗಿಯೇ ಇಲ್ಲ.

ತೊಟ್ಟಿಯಲ್ಲಿ ಅಟ್ಟ ನಿಂತಿತು, ಸುತ್ತ ಮರಳು ತುಂಬಿದೆವು, ಅಳಿಯನನ್ನು ಬಿಟ್ಟೆವು. ಒಂದೇ ಕ್ಷಣ, ಮಾಯ! ಕಮಾನಿನಲ್ಲಿಲ್ಲ, ಹಾಸಿನ ಮೇಲಿಲ್ಲ. ಅತ್ತೆ ಕುರ್ಚಿಯಲ್ಲಿ ಗುಳಿಗೆ ಹಿಡಿದು ಕಾದರು. ಮಧ್ಯಾಹ್ನ ಕಳೆಯಿತು. ಅವರ ಮುಖ ಸಣ್ಣದಾಗಿತ್ತು. "ಹೋದನೇನ ಅಂವ?" ಎಂದು ಮೆಲ್ಲಗೆ ಕೇಳಿದರು. ಅವರ ಬಾಯಿಂದ ಆ ದನಿಯನ್ನು ನಾನು ಕೇಳಿರಲಿಲ್ಲ.

ನಾನು ನೆಲದ ಮೇಲೆ ಕೂತು ಬಗ್ಗಿ ಟಾರ್ಚ್ ಬಿಟ್ಟೆ. ಹಾಸಿನ ಅಡಿಯ ನೆರಳಿನಲ್ಲಿ, ಹೊಸ ಬಿಲದ ಬಾಯಲ್ಲಿ, ಗದ್ದ ಊರಿಕೊಂಡು ಕೂತಿದ್ದ!

"ಅತ್ಯಾರ, ಬುಡಕ ಅದಾನ್ರಿ!"

ಕುರ್ಚಿಯಿಂದ ಅದು ಕಾಣುವಂತಿರಲಿಲ್ಲ. ಫೋನಿನಲ್ಲಿ ಫೋಟೋ ತೆಗೆದು ಕೊಟ್ಟೆ. "ಮನಿಯಾಗಿರೋ ಅಳಿಯನ್ನ ಫೋಟೋದಾಗ ನೋಡ್ಲೇನು?" ಎಂದು ಅದನ್ನು ತಳ್ಳಿದರು. ಕಟ್ಟೆಯ ಅಂಚು ಹಿಡಿದರು. ಯವ್ವಾ ಎಂದರು, ಯಪ್ಪಾ ಎಂದರು, ಡಾಕ್ಟರನ್ನೂ ನನ್ನನ್ನೂ ಸೇರಿಸಿ ಬೈದರು. ನೋಡನೋಡುತ್ತ ನೆಲಕ್ಕೆ ಇಳಿದು, ಗಾಜಿಗೆ ಮೂಗು ಒತ್ತಿ ಕೂತೇಬಿಟ್ಟರು. ನಾನು ಅವರ ಕೈಯಿಂದ ಗುಳಿಗೆ ತೆಗೆದುಕೊಂಡು ಬಿಲದ ಮುಂದೆ ಬಿಟ್ಟೆ. ಅಳಿಯ ಒಮ್ಮೆ ನೋಡಿದ, ಎರಡನೇ ಸಲಕ್ಕೆ ಗಬಕ್ಕನೆ ನುಂಗಿದ. ಅತ್ತೆಗೆ ನಗುವೂ ಅಳುವೂ ಒಟ್ಟಿಗೇ ಬಂತು. ನನಗೂ ಬಂತು.

ನಮ್ಮವರು ಎಬ್ಬಿಸಲು ರಟ್ಟೆಗೆ ಕೈ ಹಾಕಿದರು. "ಬಿಡೋ, ಅಂವ ಉಣ್ಣಾಕತ್ತಾನ" ಎಂದು ಗದರಿಸಿ, ಅತ್ತೆ ನನ್ನ ಕಡೆ ತಿರುಗಿದರು.

"ನನಗೂ ಇಲ್ಲೇ ಎರಡು ರೊಟ್ಟಿ ತಾರವ್ವಾ. ಹಸದೇನಿ."

ತಾಟು ತಂದಾಗ ಅವರು ಎರಡೂ ಕಾಲು ಮಡಚಿ ಕೂತಿದ್ದರು. ಒನಕೆಯಂತಿದ್ದ ಆ ಕಾಲಿನ ಪಕ್ಕದಲ್ಲೇ ತಾಟು ಇಟ್ಟೆ.