ಕೊನೆಯ ಸಾಲಿನ ‘ಬಾ’

ಝೆರಾಕ್ಸ್ ಯಂತ್ರ ಸರಿಹೋಯಿತೋ ಇಲ್ಲವೋ ಎಂದು ನೋಡಲು ಬಾಲರಾಜನ ಬಳಿ ಒಂದು ಹಾಳೆ ಇತ್ತು. ನಾಲ್ಕು ಮಡಿಕೆಯ ಆ ಹಾಳೆ ಯಾವಾಗಲೂ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಮೂವತ್ತೆರಡು ಯಂತ್ರಗಳನ್ನು ಅವನೊಬ್ಬನೇ ನೋಡಿಕೊಳ್ಳುತ್ತಿದ್ದ. ಅಷ್ಟೂ ಯಂತ್ರಗಳ ಗಾಜಿನ ಮೇಲೆ ಆ ಹಾಳೆ ಮಲಗಿ ಎದ್ದಿತ್ತು.

ಅದು ಅಕ್ಕ ಕೊಲ್ಲಾಪುರಮ್ಮ ಬರೆದ ಪತ್ರ. ತಾಯಿಯಿಲ್ಲದ ಅವನನ್ನು ಸಾಕಿದವಳು ಅವಳೇ. ಅವರ ಊರು ನನ್ನಿವಾಳದಲ್ಲಿ ಸಾಕ್ಷರತಾ ತರಗತಿ ನಡೆದಾಗ, ನಲವತ್ತು ದಾಟಿದ ಮೇಲೆ ಅಕ್ಷರ ಕಲಿತಳು. ಕಲಿತು ಬರೆದದ್ದು ಇದೊಂದೇ ಪತ್ರ, ಪೆನ್ಸಿಲಿನಲ್ಲಿ: ‘ತಮ್ಮ ಬಾಲರಾಜಗೆ ಅಕ್ಕ ಬರೆಯೋದು. ಎಮ್ಮೆ ಈದೈತೆ. ಗಿಣ್ಣು ಇಟ್ಟಿದೀನಿ. ಬಾ.’ ಮೊದಲ ಅಕ್ಷರಗಳನ್ನು ಒತ್ತಿ ಬರೆದಿದ್ದಳು. ಕೊನೆಗೆ ಬರುವಷ್ಟರಲ್ಲಿ ಕೈ ಸೋತಿತ್ತೇನೋ, ‘ಬಾ’ ಇದ್ದೂ ಇಲ್ಲದಂತಿತ್ತು. ಆಗ ಬಾಲರಾಜ ಬಳ್ಳಾರಿಯಲ್ಲಿ ಕೆಲಸ ಕಲಿಯುತ್ತಿದ್ದ. ರಜೆ ಸಿಕ್ಕಿ ಊರಿಗೆ ಹೋದಾಗ ಗಿಣ್ಣು ಮುಗಿದು ಹನ್ನೆರಡು ದಿನವಾಗಿತ್ತು. ಮುಂದಿನ ಸಲ ಎಮ್ಮೆ ಈಯುವಷ್ಟರಲ್ಲಿ ಅಕ್ಕ ಇರಲಿಲ್ಲ.

ಆ ‘ಬಾ’ ಕಾಪಿಯಲ್ಲಿ ಮೂಡಿದರೆ ಯಂತ್ರ ಸರಿ ಎಂದು ಅವನ ಲೆಕ್ಕ. ಮೂಡದಿದ್ದರೆ ಮತ್ತೆ ಬಿಚ್ಚುತ್ತಿದ್ದ.

2002ರ ಬೇಸಿಗೆಯಲ್ಲಿ ಮೊಳಕಾಲ್ಮೂರಿನ ಒಂದು ಕಚೇರಿಯಿಂದ ಕರೆ ಬಂತು. ಕಾಪಿ ಮಸುಕು. ಯಂತ್ರ ನಡೆಸುವ ಸರ್ವಮಂಗಳ ಕಾಯುತ್ತಿದ್ದರು.

“ಗುಂಡಿ ಪೂರ್ತಿ ಡಾರ್ಕಿಗೆ ತಿರುಗ್ಸಿದೀನಿ ಬಾಲರಾಜಣ್ಣ. ಆದ್ರೂ ಅಕ್ಷರ ಕಾಣಾಕಿಲ್ಲ.”

“ಅಲ್ಲೇ ತಪ್ಪಾಗೈತೆ ಅಕ್ಕಾರೆ. ಕನ್ನಡಕ ಒರೆಸ್ಕಳ್ದೆ ದೀಪ ದೊಡ್ಡದು ಮಾಡ್ದಂಗೆ ಇದು.”

“ಮಾತೇನೋ ಕಪ್ಪಗೆ ಬರ್ತೈತೆ. ಮೊದ್ಲು ಕಾಪಿ ತೋರ್ಸ್ರಿ.”

ಬಿಸಿಲಿಗೆ ಟೋನರಿನ ಮಸಿಪುಡಿ ಗಂಟುಕಟ್ಟಿತ್ತು. ಡಬ್ಬಿ ಬಿಚ್ಚಿ ಅಲುಗಾಡಿಸಿದ. ಡ್ರಮ್ಮಿನ ಪಕ್ಕದ ಕೂದಲೆಳೆಯಂಥ ತಂತಿಯನ್ನು ಹತ್ತಿಯಿಂದ ಸವರಿದ. ಒಳಗಿನ ಕನ್ನಡಿ ಒರೆಸಿ, ಗುಂಡಿಯನ್ನು ನಡುವಿಗೆ ತಂದ. ಮೊದಲ ಕಾಪಿಯಲ್ಲಿ ‘ಬಾ’ ಇರಲಿಲ್ಲ. ಕನ್ನಡಿಯನ್ನು ಮತ್ತೊಮ್ಮೆ ಒರೆಸಿದ. ಎರಡನೆಯದರಲ್ಲಿ ಬಂತು. ಅಷ್ಟರಲ್ಲಿ ಚಳ್ಳಕೆರೆ ಬಸ್ಸಿನ ಹಾರ್ನ್ ಕೇಳಿತು. ಚೀಲ ಎತ್ತಿಕೊಂಡು ಓಡಿದ.

ಜೇಬು ಖಾಲಿ ಇದೆಯೆಂದು ತಿಳಿದದ್ದು ಚಳ್ಳಕೆರೆಯಲ್ಲಿ ಇಳಿದ ಮೇಲೆ. ಅಕ್ಕನ ಕೈಬರಹವೆಂದು ಅವನ ಬಳಿ ಬೇರೆ ಏನೂ ಇರಲಿಲ್ಲ. ಬಾಡಿಗೆಯ ಕೋಣೆಯಲ್ಲಿ ಇದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಮರುದಿನ ಮೊಳಕಾಲ್ಮೂರಿಗೆ ಮೊದಲ ಬಸ್ಸು ಹಿಡಿದ.

ಸರ್ವಮಂಗಳ ನಕ್ಕರು. “ಊರಿಗೆಲ್ಲ ಒರಿಜಿನಲ್ ಮರೀಬ್ಯಾಡ್ರಿ ಅಂತ ಹೇಳೋರು, ನೀವೇ ಮರ್ತ್ರಲ್ಲ!” ಡ್ರಾಯರಿನಿಂದ ಹಾಳೆ ತೆಗೆದುಕೊಟ್ಟರು. ಪೆನ್ಸಿಲಿನಲ್ಲಿ ತುಂಬಿದ ಅರ್ಜಿ ಬಂದರೆ ಅದರ ಮೇಲೆಯೇ ಪೆನ್ನಿನಲ್ಲಿ ತಿದ್ದಿ ಕಾಪಿ ತೆಗೆಯುವುದು ಅವರ ರೂಢಿ. “ಪೂರ್ತಿ ಮಾಸಿತ್ತು. ಕೂತ್ಕೊಂಡು ಒಂದೊಂದೇ ಅಕ್ಷರ ತಿದ್ದಿದೀನಿ. ಇನ್ನು ಎಂಥ ಮಿಷಿನ್ನಾದ್ರೂ ಬರ್ತೈತೆ.”

ಒಂದು ಅಕ್ಷರವನ್ನೂ ಬಿಟ್ಟಿರಲಿಲ್ಲ. ‘ಬಾ’ ನೀಲಿ ಶಾಯಿಯಲ್ಲಿ ಗಟ್ಟಿಯಾಗಿ ನಿಂತಿತ್ತು.

“ಗಿಣ್ಣು ತಿಂದ್ರಾ?” ಎಂದರು ಸರ್ವಮಂಗಳ.

“ತಿಂದೆ ಅಕ್ಕಾರೆ. ಚೆನ್ನಾಗಿ ತಿದ್ದಿದೀರಿ.” ಹಾಳೆ ಮಡಿಸಿ ಜೇಬಿಗಿಟ್ಟು ಕೇಳಿದ, “ನಿನ್ನೆ ತೆಗ್ದ ಕಾಪಿ ಬಿಸಾಕಿದ್ರಾ?”

“ಹಿಂದ್ಗಡೆ ಖಾಲಿ ಇತ್ತಲ್ಲ, ಬರ್ಕಳಾಕೆ ಇಟ್ಕೊಂಡೆ.”

ಎರಡನೆಯ ಕಾಪಿಯ ಬೆನ್ನಿಗೆ ಆಗಲೇ ಪಿಂಚಣಿಯವರ ಹೆಸರುಗಳಿದ್ದವು. ಅವನು ಆ ಹೆಸರುಗಳನ್ನು ಬೇರೆ ಹಾಳೆಗೆ ಬರೆದುಕೊಟ್ಟು ಆ ಕಾಪಿಯನ್ನು ಕೇಳಿ ಪಡೆದ. ಅದರಲ್ಲಿ ಅಕ್ಕನ ಕೈ ಹಾಗೇ ಇತ್ತು, ಕೊನೆಯಲ್ಲಿ ಸೋತ ಕೈಯೂ.

ಮಡಿಕೆ ಬಿದ್ದ ಕಡೆ ಟೋನರ್ ಉದುರುತ್ತದೆಂದು ಅವನಿಗೆ ಗೊತ್ತು. ಎರಡು ರಟ್ಟುಗಳ ನಡುವೆ ಕಾಪಿಯನ್ನಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದು ಕೂತ.

“ಏನ್ರೀ, ಸರ್ಟಿಫಿಕೇಟಾ?” ಕಂಡಕ್ಟರ್ ಕೇಳಿದ.

“ಹೂಂ,” ಎಂದ ಬಾಲರಾಜ. “ಒರಿಜಿನಲ್ಲು.”