ವೇಸ್ಟ್‌ಗೇಟಿಗೆ ಕಟ್ಟಿದ ತಂತಿ

ರಾಘವ, ಆ ತಂತಿ ಕಟ್ಟಿದವನು ನಾನು. ಶೆಟ್ಟರ ಕಾರಿನ ಎಂಜಿನ್ ಹಾಳು ಮಾಡಿದ್ದು ನಾನು, ನೀನಲ್ಲ. ಇಷ್ಟನ್ನು ಬರೆಯಲು ನನಗೆ ಇಷ್ಟು ವರ್ಷ ಹಿಡಿಯಿತು — ಛೀ, ನಾಚಿಕೆಗೇಡು.

ಬಿಕರ್ನಕಟ್ಟೆಯ ಗ್ಯಾರೇಜು ಆಗ ನಮ್ಮಿಬ್ಬರದು. ಟರ್ಬೊ ಕೆಲಸ ನಿನ್ನದು, ಬ್ರೇಕಿನ ಕೆಲಸ ನನ್ನದು. ಶೆಟ್ಟರ ಹೋಟೆಲು ಕಡಲ ಬದಿಯದು. ಉಪ್ಪುಗಾಳಿಗೆ ಅವರ ಕಾರಿನ ವೇಸ್ಟ್‌ಗೇಟ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊದ ಒತ್ತಡ ಮಿತಿ ಮೀರಿದಾಗ ಮಾತ್ರ ತೆರೆದುಕೊಳ್ಳಬೇಕಾದ ಸಣ್ಣ ಬಾಗಿಲು ಅದು. ಅದು ತೆರೆದೇ ನಿಂತುಬಿಟ್ಟದ್ದರಿಂದ ಕಾರು ಏರು ಹತ್ತುತ್ತಿರಲಿಲ್ಲ. ಟರ್ಬೊ ಬಿಚ್ಚಿ, ಕೀಲು ಸಡಿಲಿಸಿ, ತುಕ್ಕು ಉಜ್ಜಿ, ಕೈಯಲ್ಲಿ ಆಡಿಸಿ ನೋಡಿ ಮತ್ತೆ ಕೂರಿಸಬೇಕು. ನೀನು ಹಾಗೆಯೇ ಮಾಡುತ್ತಿದ್ದೆ, ಯಾರು ಅವಸರ ಮಾಡಿದರೂ.

ಅವತ್ತು ನೀನು ಹೆಂಡತಿಯನ್ನು ಬಸ್ಸು ಹತ್ತಿಸಲು ಬಿಜೈಗೆ ಹೋಗಿದ್ದೆ. ಶೆಟ್ಟರ ಫೋನು ಬಂತು — ಮಗಳ ನಿಶ್ಚಿತಾರ್ಥ, ಗಾಡಿ ಈಗಲೇ ಬೇಕು. ದೊಡ್ಡ ಗಿರಾಕಿ ಕೈತಪ್ಪೀತೆಂದು ನಾನು ಹೆದರಿದೆ. ಆ ಬಾಗಿಲನ್ನು ಒತ್ತಿ ಮುಚ್ಚಿ, ಅದರ ಸರಳನ್ನು ತಂತಿಯಿಂದ ಬಿಗಿದೆ. ಕಾರು ಚೆನ್ನಾಗಿಯೇ ಎಳೆಯಿತು. ಡ್ರೈವರ್ ಬಂದು ಒಯ್ದ. ಒತ್ತಡಕ್ಕೆ ಇನ್ನು ಹೊರದಾರಿ ಇಲ್ಲ ಎಂಬುದು ನನಗೆ ಗೊತ್ತಿತ್ತು. ನೀನು ಬಂದು ಕೇಳಿದಾಗ, ಎಣ್ಣೆ ಬಿಟ್ಟೆ, ಸಡಿಲವಾಯಿತು ಎಂದೆ. ನಿಶ್ಚಿತಾರ್ಥ ಮುಗಿದ ಮೇಲೆ ಕರೆಸಿ ಬಿಚ್ಚೋಣ ಎಂದುಕೊಂಡಿದ್ದೆ. ಕರೆಸಲಿಲ್ಲ.

ಚಾರ್ಮಾಡಿ ಘಾಟಿಯಲ್ಲಿ ಎಂಜಿನ್ ಒಡೆಯಿತು. ಯಾರಿಗೂ ಏಟಾಗಲಿಲ್ಲ. ಬಿಚ್ಚಿದಾಗ ಸಿಕ್ಕ ತಂತಿಯನ್ನು ಶೆಟ್ಟರು ತಂದು ನಮ್ಮ ಮೇಜಿನ ಮೇಲೆ ಎಸೆದರು.

"ಇದು ಎಂತ? ಯಾರು ಕಟ್ಟಿದ್ದು?"

ನೀನು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ — "ಟರ್ಬೊ ಕೆಲಸ ಎಲ್ಲ ರಾಘವನದ್ದೇ ಶೆಟ್ರೇ."

ಸುಳ್ಳಲ್ಲ ನೋಡು, ಆ ಮಾತು. ಅಷ್ಟು ನೀಚ ನಾನು.

"ನಾನು ಕಟ್ಟಿದ್ದಲ್ಲ," ಎಂದೆ ನೀನು.

"ಹಾಗಾದ್ರೆ ನಮ್ಮ ದೈವದ ಎದುರು ಬಂದು ಪ್ರಮಾಣ ಮಾಡು. ನಂಬ್ತೇನೆ."

ನೀನು ತಂತಿಯನ್ನು ನೋಡಿದೆ, ಆಮೇಲೆ ನನ್ನನ್ನು. "ಪ್ರಮಾಣ ಎಲ್ಲ ಬೇಡ ಶೆಟ್ರೇ," ಎಂದು ತಲೆ ತಗ್ಗಿಸಿದೆ. ತಪ್ಪು ಮಾಡದವನು ಪ್ರಮಾಣಕ್ಕೆ ಯಾಕೆ ಹೆದರಬೇಕು? ಶೆಟ್ಟರು ಹಾಗೆಯೇ ತಿಳಿದರು, ಊರೂ ಹಾಗೆಯೇ ತಿಳಿಯಿತು. ಸಾಮಾನು ಕಟ್ಟಿಕೊಂಡು ಹೊರಡುವಾಗ ನೀನು ನನಗೆ ಮಾತ್ರ ಕೇಳುವಂತೆ ಅಂದೆ — "ನಿನಗೆ ಸಣ್ಣ ಮಕ್ಕಳುಂಟು ಮಾರಾಯ."

ನಿರಪರಾಧಿ ಪ್ರಮಾಣ ಮಾಡಿದರೆ ದೈವ ಅಪರಾಧಿಯ ಮನೆ ಹುಡುಕಿಕೊಂಡು ಹೋಗುತ್ತದೆ, ಮಕ್ಕಳುಮರಿಯನ್ನೂ ಬಿಡುವುದಿಲ್ಲ — ನಾವಿಬ್ಬರೂ ನಂಬಿದ್ದೇ ಅದನ್ನು. ನನ್ನ ಮಕ್ಕಳಿಗೋಸ್ಕರ ನೀನು ತಪ್ಪಿತಸ್ಥನಾದೆ. ಅದು ನನಗೆ ಅಲ್ಲೇ ಅರ್ಥವಾಯಿತು. ಅರ್ಥವಾಗಿಯೂ — ನೀನು ಗೇಟು ದಾಟುವುದನ್ನು ನೋಡುತ್ತಾ ನಿಂತೆ. ಆಗ ನನಗಾದದ್ದು ಸಮಾಧಾನ.

ಶೆಟ್ಟರು ಹೋದಲ್ಲೆಲ್ಲ ನಿನ್ನ ಹೆಸರು ಹೇಳಿ ಬೈದರು. ಯಾವ ಗ್ಯಾರೇಜೂ ನಿನ್ನನ್ನು ಸೇರಿಸಿಕೊಳ್ಳಲಿಲ್ಲ. ನೀನೀಗ ಹೊಳೆಯಾಚೆ ಬೆಂಗ್ರೆಯಲ್ಲಿ ದೋಣಿ ಎಂಜಿನ್ ರಿಪೇರಿ ಮಾಡುತ್ತೀ. ನಿನ್ನನ್ನು ಕಾಣಲೆಂದು ಎಷ್ಟೋ ಸಲ ದೋಣಿ ಹತ್ತಿ ಬಂದಿದ್ದೇನೆ. ದಡದಲ್ಲಿ ನಿನ್ನ ಬೆನ್ನು ಕಂಡದ್ದೇ ಅದೇ ದೋಣಿಯಲ್ಲಿ ವಾಪಸಾಗಿದ್ದೇನೆ.

ಶೆಟ್ಟರಿಗೆ ಮರೆವಿನ ಕಾಯಿಲೆ ಎಂದು ಕಳೆದ ವಾರ ಕೇಳಿದೆ. ನಿನ್ನ ಹೆಸರು ಕೆಡಿಸಿದ ಬಾಯಿ ಅದು. ಅದೇ ಬಾಯಿ ತಿದ್ದಿ ಹೇಳದಿದ್ದರೆ ಊರು ನಂಬೀತೇ? ಓಡಿದೆ. ಅವರು ವರಾಂಡದಲ್ಲಿ ಕೂತಿದ್ದರು, ಪಕ್ಕದಲ್ಲಿ ಮಗ. ಮಗನ ಹೆಸರೂ ಅವರಿಗೆ ನೆನಪಿಲ್ಲವಂತೆ. ಕೈ ಹಿಡಿದು ಕೂತೆ.

"ಶೆಟ್ರೇ, ಆ ತಂತಿ ಕಟ್ಟಿದ್ದು ನಾನು. ರಾಘವ ಅಲ್ಲ."

ಅವರ ಮುಖ ಅರಳಿತು. "ರಾಘವ... ಗೊತ್ತುಂಟು. ನನ್ನ ಗಾಡಿ ಹಾಳು ಮಾಡಿದವ."

"ಅವನಲ್ಲ, ನಾನು!" ಕೂಗಿಯೇಬಿಟ್ಟೆ. ಅತ್ತೆ. ಮತ್ತೆ ಮತ್ತೆ ಹೇಳಿದೆ.

"ಹೌದು ಹೌದು, ರಾಘವ," ಎಂದು ಅವರು ನನ್ನ ಕೈ ಸವರಿದರು. "ಅಳಬೇಡ. ನೀನು ಒಳ್ಳೆಯವ."

ಮಗನಿಗೆ ಎಲ್ಲ ತಿಳಿಸಿದೆ. ಅವನು ಎದ್ದು ಒಳಗೆ ಹೋದ. ಮನೆಯಲ್ಲಿ ಹೆಂಡತಿ ಮಕ್ಕಳಿಗೂ ಹೇಳಿದ್ದೇನೆ. ಭಾನುವಾರ ಶೆಟ್ಟರ ಕುಟುಂಬದವರೆಲ್ಲ ದೈವದ ಗುಡಿಯಲ್ಲಿ ಸೇರುತ್ತಾರೆ. ಅಲ್ಲಿ ಎಲ್ಲರೆದುರು ನಿಂತು ಹೇಳುತ್ತೇನೆ. ಆಮೇಲೆ ಬೆಂಗ್ರೆಗೆ ಬರುತ್ತೇನೆ. ಈ ಸಲ ದಡಕ್ಕೆ ಇಳಿಯುತ್ತೇನೆ. ಕ್ಷಮೆ ಕೇಳುವ ಮುಖ ನನಗಿಲ್ಲ. ಊರಿಗೆ ಹೇಳಬಲ್ಲೆ, ಆದರೆ ಶೆಟ್ಟರ ನೆನಪಿನಲ್ಲಿ ಉಳಿದ ಆ ಒಂದು ಸುಳ್ಳನ್ನು ಇನ್ನು ನಾನು ತೆಗೆಯಲಾರೆ, ರಾಘವ.