ಪದ್ಮಕ್ಕನ ಎರಡನೆಯ ಮೈಕು

ಯಾರ ಮನೆಗೆ ಹೋದರೂ ಪದ್ಮಕ್ಕ ಕೂರುವ ಮೊದಲು ಒಂದು ಚಪ್ಪಾಳೆ ತಟ್ಟುತ್ತಿದ್ದರು. ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡು, ಈ ಕೋಣೆ ಮಾತು ನುಂಗುತ್ತದೆ ಎಂದೋ ವಾಪಸ್ಸು ಉಗುಳುತ್ತದೆ ಎಂದೋ ತೀರ್ಪು ಕೊಡುವರು. ನಮ್ಮ ಗೃಹಪ್ರವೇಶದ ದಿನವೂ ತಟ್ಟಿ, ಪುರೋಹಿತರು ಮಂತ್ರ ಮರೆತು ಇವರ ಮುಖ ನೋಡುವಂತೆ ಮಾಡಿದ್ದರು. ಪ್ರೈಮರಿ ಶಾಲೆಯ ಮಕ್ಕಳಿಗೆ ಆಯುಸ್ಸೆಲ್ಲ ಕಥೆ ಹೇಳಿ ನಿವೃತ್ತರಾದವರು. ಕೊನೆಯ ಬೆಂಚಿಗೆ ಕೇಳಿಸದಿದ್ದರೆ ಅದು ಕಥೆಯೇ ಅಲ್ಲ ಎಂಬುದು ಅವರ ಹಟ.

ಎನ್.ಆರ್. ಕಾಲೋನಿಯಲ್ಲಿ ನಮ್ಮ ಪಕ್ಕದ ಮನೆ ಅವರದು. ತಿಂಗಳಿಗೊಂದು ಭಾನುವಾರ ಸಂಜೆ ಅವರ ಹಜಾರದಲ್ಲಿ ಹತ್ತು ಹದಿನೈದು ಜನ ಸೇರುತ್ತಿದ್ದೆವು. ಪದ್ಮಕ್ಕ ಕಥೆ ಹೇಳುವುದು, ನಾವು ಕೇಳುವುದು, ಆಮೇಲೆ ಕಾಫಿ. ಅವರೆದುರಿಗೇ ಕೂತು ಹೂಂಗುಡುತ್ತಿದ್ದವರು ಬಾಲ್ಯದ ಗೆಳತಿ ವಿಮಲಮ್ಮ. ಆ ವಿಮಲಮ್ಮ ಮಲ್ಲೇಶ್ವರಂನ ಮನೆಯಲ್ಲಿ ಜಾರಿ ಬಿದ್ದು, ಸೊಂಟ ಮುರಿದುಕೊಂಡು, ಮಹಡಿಯಿಂದ ಇಳಿಯಲಾಗದೆ ಹಾಸಿಗೆ ಹಿಡಿದರು. ಪದ್ಮಕ್ಕನಿಗೆ ಕಥೆ ಹೇಳುವ ಮನಸ್ಸೇ ಹೋಯಿತು.

ಆಗಿನ್ನೂ ಬ್ರಾಡ್‌ಬ್ಯಾಂಡ್ ಮನೆಮನೆಗೆ ಬರುತ್ತಿದ್ದ ಕಾಲ. ನನ್ನ ಲ್ಯಾಪ್‌ಟಾಪ್ ಇಟ್ಟು ಇಂಟರ್ನೆಟ್ಟಿನಲ್ಲಿ ನೇರ ಪ್ರಸಾರ ಮಾಡೋಣವೆಂದೆ. ಮಲ್ಲೇಶ್ವರಂನಲ್ಲಿ ವಿಮಲಮ್ಮನ ಸೊಸೆ ಹಾಸಿಗೆಯ ಪಕ್ಕಕ್ಕೆ ಕಂಪ್ಯೂಟರ್ ತಂದಿಟ್ಟಳು. ಮೊದಲ ಕಥೆ ಮುಗಿದೊಡನೆ ಅಲ್ಲಿಂದ ಫೋನ್ ಬಂತು. ಫ್ಯಾನು ತಿರುಗಿದ್ದು ಕೇಳಿಸಿತು, ಯಾರೋ ಕೋಡುಬಳೆ ಕಡಿದದ್ದು ಕೇಳಿಸಿತು, ಕಥೆ ಮಾತ್ರ ಕೇಳಿಸಲಿಲ್ಲವಂತೆ.

"ಕೊನೇ ಬೆಂಚಿಗೆ ಕೇಳಿಸ್ದೇ ಇದ್ಮೇಲೆ ನಾನ್ಯಾಕೆ ಬಾಯಿ ಬಿಡ್ಬೇಕು?" ಎಂದು ಪದ್ಮಕ್ಕ ನನ್ನನ್ನೇ ಗದರಿಸಿದರು.

ಮುಂದಿನ ತಿಂಗಳು ಹಜಾರದ ಚಹರೆಯೇ ಬದಲಾಗಿತ್ತು. ನೆಲಕ್ಕೆ ಜಮಖಾನ, ಕಿಟಕಿಗಳಿಗೆ ದಪ್ಪ ಹೊದಿಕೆ, ಫ್ಯಾನು ಬಂದ್. ನಾನು ತಂದ ಪುಟ್ಟ ಮೈಕನ್ನು ಅವರ ಸೆರಗಿಗೆ ಸಿಕ್ಕಿಸಿದೆವು. ರೇಷ್ಮೆ ಸರಸರ ಎನ್ನುತ್ತದೆಂದು ಎದ್ದು ಹೋಗಿ ನೂಲಿನ ಸೀರೆ ಉಟ್ಟು ಬಂದರು. ಕೋಡುಬಳೆ ಕಥೆಯ ನಂತರವೇ ಎಂದು ಕಟ್ಟಪ್ಪಣೆಯಾಯಿತು. ಹೂಂ ಅನ್ನುವುದಕ್ಕೂ ನಿಷೇಧ. ನಾವು ಬೆವರು ಒರೆಸಿಕೊಳ್ಳುತ್ತ, ಕೆಮ್ಮು ನುಂಗಿಕೊಂಡು ಕೂತೆವು. ಕಥೆ ಕೇಳಲು ಬಂದೆವೋ ಶಿಕ್ಷೆಗೆ ಬಂದೆವೋ ತಿಳಿಯಲಿಲ್ಲ.

ಈ ಸಲ ಫೋನಿನಲ್ಲಿ ವಿಮಲಮ್ಮ ಹೇಳಿದ್ದು ನಮಗೆಲ್ಲ ಕೇಳಿಸಿತು. "ಒಂದೊಂದು ಅಕ್ಷರಾನೂ ಸ್ಪಷ್ಟವಾಗಿತ್ತು ಕಣೆ. ಆದ್ರೆ ನೀನು ಖಾಲಿ ಮನೇಲಿ ಒಬ್ಳೇ ಕೂತು ಮಾತಾಡ್ತಿದ್ದ ಹಾಗಿತ್ತು. ನಂಗೆ ಭಯ ಆಯ್ತು."

ಪದ್ಮಕ್ಕ ಮುಂದಿನ ಸಲಕ್ಕೆ ನನ್ನಿಂದ ಇನ್ನೊಂದು ಮೈಕನ್ನೂ ಎರಡನ್ನು ಕೂಡಿಸುವ ಪುಟ್ಟ ಮಿಕ್ಸರನ್ನೂ ತರಿಸಿದರು. ಎರಡನೆಯ ಮೈಕು ನಮ್ಮ ನಡುವೆ, ವಿಮಲಮ್ಮ ಕೂರುತ್ತಿದ್ದ ಜಾಗದಲ್ಲಿ, ದಿಂಬಿನ ಮೇಲೆ ಕೂತಿತು. ಅದರ ದನಿ ತಗ್ಗಿರಬೇಕು, ಆದರೆ ಸತ್ತಿರಬಾರದು ಎಂದು ನನಗೆ ತಾಕೀತು. ಹೂಂ ಅನ್ನುವುದು ಈಗ ಕಡ್ಡಾಯ. ಎದುರು ಮನೆಯ ರಾಯರು ಅತ್ಯುತ್ಸಾಹದಿಂದ ಮಾತು ಮಾತಿಗೂ ಹೂಂಗುಟ್ಟಿ, ಹಿಂದಿನ ಸಾಲಿಗೆ ವರ್ಗವಾದರು. ಕಥೆ ಮುಗಿದ ಮೇಲೆ ವಿಮಲಮ್ಮ ಫೋನ್ ಮಾಡಿ, ರಾಯರಿಗೆ ನೆಗಡಿಯೇ ಎಂದು ವಿಚಾರಿಸಿದರು. ಪದ್ಮಕ್ಕ ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

ಒಂದೆರಡು ವರ್ಷ ಹೀಗೇ ನಡೆಯಿತು. ಬರಬರುತ್ತಾ ಪದ್ಮಕ್ಕ ಕಥೆಯ ನಡುವೆ ಅಲ್ಲಲ್ಲಿ ನಿಲ್ಲತೊಡಗಿದರು. ನಾವು ಹೂಂ ಅಂದ ಮೇಲೂ ಒಂದು ಗಳಿಗೆ ಸುಮ್ಮನಿದ್ದು ಮುಂದುವರಿಸುವರು. ವಯಸ್ಸಾಯಿತು, ಉಸಿರು ಸಾಲುತ್ತಿಲ್ಲ ಎಂದು ನಾವಂದುಕೊಂಡೆವು. ಒಂದು ಬೆಳಿಗ್ಗೆ ಎದೆನೋವೆಂದವರು ಆಸ್ಪತ್ರೆ ಮುಟ್ಟಲಿಲ್ಲ. ನನಗೆ ಸ್ವಂತ ಅಕ್ಕನನ್ನು ಕಳೆದುಕೊಂಡಷ್ಟು ದುಃಖವಾಯಿತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ವಿಮಲಮ್ಮನನ್ನು ನೋಡಲು ಹೋದೆ. ಅಳು, ಮಾತು ಎಲ್ಲ ಆದ ಮೇಲೆ ಅವರು, ತಾನು ಇಲ್ಲಿಂದ ಹೂಂ ಅಂದದ್ದು ಅಲ್ಲಿ ಚೆನ್ನಾಗಿ ಕೇಳಿಸುತ್ತಿತ್ತೇ ಎಂದು ಕೇಳಿದರು. ನಾನು ಇದ್ದದ್ದನ್ನೇ ಹೇಳಿದೆ: ಅಲ್ಲಿಂದ ಇಲ್ಲಿಗೆ ಮಾತ್ರ ಶಬ್ದ ಬರುತ್ತಿತ್ತು, ಇಲ್ಲಿಂದ ಅಲ್ಲಿಗೆ ಏನೂ ಹೋಗುತ್ತಿರಲಿಲ್ಲ.

ವಿಮಲಮ್ಮ ನಂಬಲಿಲ್ಲ.

"ಸುಮ್ನಿರಪ್ಪ," ಎಂದರು. "ನಾನು ಹೂಂ ಅನ್ನೋವರ್ಗೂ ಅವಳು ಮುಂದಕ್ಕೆ ಹೋಗ್ತಾನೇ ಇರ್ಲಿಲ್ಲ."